ಗಾದಿಯ ಹಕ್ಕು: ಸುರಪುರದ ವಾರಸುದಾರಿಕೆಯ ಕಥೆ

ಕೃಷ್ಣೆಯ ಎಡದಂಡೆಯ ಕಕ್ಕೇರಾ ಇಂದು ಕಾಲುವೆ ನೀರಿನ ಊರು. ನಾರಾಯಣಪುರದ ಬಸವಸಾಗರದಿಂದ ಹರಿದು ಬರುವ ನೀರು ಈ ಸೀಮೆಯ ಹೊಲಗಳನ್ನು ಗದ್ದೆ ಮಾಡಿದೆ. ಪುರಸಭೆ ಬಂದಿದೆ, ಆದರೂ ಊರಿನ ಬಹಳಷ್ಟು ಕುಟುಂಬಗಳು ಹೊಲಗಳ ನಡುವಿನ ದೊಡ್ಡಿಗಳಲ್ಲೇ ಬದುಕುತ್ತವೆ. ಕಕ್ಕೇರಾ, ಕೊಡೇಕಲ್, ತಿಂಥಣಿ, ಹುಣಸಗಿ, ವಾಗಣಗೇರಾ, ಇವೆಲ್ಲ ಒಂದು ಕಾಲಕ್ಕೆ ಸುರಪುರ ಸಂಸ್ಥಾನದ ಊರುಗಳು. ಕೃಷ್ಣಾ ಭೀಮೆಯರ ನಡುವಿನ ಈ ಕಲ್ಲುಗುಡ್ಡಗಳ ನಾಡನ್ನು ಬೇಡ ನಾಯಕರು ಆಳಿದರು. ಭೂಮಿ ಉಂಡು ದಂಡಿಗೆ ಬರುವ, ಬಂದೂಕಿನ ಗುರಿ ತಪ್ಪದ ಕಾಲಾಳುಗಳೇ ಅವರ ಬಲ.

ಸುರಪುರದ ಇತಿಹಾಸ ಅಂದಕೂಡಲೇ ನಮಗೆ ನೆನಪಾಗುವುದು 1858ರ ಕಾಳಗ ಮತ್ತು ರಾಜಾ ವೆಂಕಟಪ್ಪ ನಾಯಕನ ಬಲಿದಾನ. ಆ ಹೋರಾಟಕ್ಕೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ಆದರೆ ಸಂಸ್ಥಾನದ ಸೋಲು ಫೆಬ್ರವರಿಯ ಒಂದು ದಿನದಲ್ಲಿ ಆದದ್ದಲ್ಲ. ನಾಯಕನೊಬ್ಬ ತೀರಿಕೊಂಡಾಗ ಮುಂದಿನವನು ಯಾರು ಎಂದು ಹೇಳುವ ಹಕ್ಕು ಯಾರದು ಎಂಬ ಪ್ರಶ್ನೆಯನ್ನು ಹಿಡಿದು ಹೊರಟರೆ, ಸುರಪುರ ಕಳೆದುಕೊಂಡದ್ದು ಏನು, ಯಾವಾಗ ಎಂಬುದು ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಸನದು ಒಬ್ಬನಿಗೆ, ಕೋಟೆ ಇನ್ನೊಬ್ಬನಿಗೆ

1680ರ ದಶಕದಲ್ಲಿ ಈ ಬೇಡರ ರಾಜಧಾನಿ ಇಂದಿನ ಶಹಾಪುರ ತಾಲೂಕಿನ ಸಗರ. ಆಗ ಪಾಮನಾಯಕ ಆಳುತ್ತಿದ್ದ. ಬಿಜಾಪುರ 1686ರಲ್ಲಿ, ಗೋಲ್ಕೊಂಡ 1687ರಲ್ಲಿ ಮೊಗಲರ ವಶವಾದ ಮೇಲೆ ಔರಂಗಜೇಬನ ಕಣ್ಣು ಸಗರದ ಮೇಲೆ ಬಿತ್ತು. 1687ರ ಕೊನೆಯಲ್ಲಿ ಪಾಮನಾಯಕ ಕೋಟೆ ಒಪ್ಪಿಸಿ ಬಾದಶಹನ ಛಾವಣಿಗೆ ಹೋದ. ಹೋದ ಕೆಲವೇ ದಿನಗಳಲ್ಲಿ ತೀರಿಕೊಂಡ.

ಅವನ ಹಿಂದೆ ಇಬ್ಬರು ಉಳಿದರು. ಒಬ್ಬ ಹೊಟ್ಟೆಯಲ್ಲಿ ಹುಟ್ಟಿದ ಮಗ. ಪಾರಸಿ ಬರಹಗಾರರು ಅವನನ್ನು ಜಗಿಯಾ ಎಂದು ಕರೆದಿದ್ದಾರೆ. ಇನ್ನೊಬ್ಬ ದತ್ತುಮಗನಂತೆ ಬೆಳೆದ ಅಣ್ಣತಮ್ಮಂದಿರ ಮಗ ಪಿಡ್ಡನಾಯಕ. ರಕ್ತದ ಲೆಕ್ಕದಲ್ಲಿ ಜಗಿಯಾನ ಹಕ್ಕು ದೊಡ್ಡದು, ಆದರೆ ಜನರ ಲೆಕ್ಕ ಬೇರೆಯಿತ್ತು. ಪಿಡ್ಡನಾಯಕ ಸಗರ ಬಿಟ್ಟು ವಾಗಣಗೇರಾದ ಗುಡ್ಡ ಸೇರಿದ, ಕೋಟೆ ಗಟ್ಟಿ ಮಾಡಿದ, ಬೇಡರ ಕಾಲಾಳುಗಳನ್ನು ತನ್ನ ಸುತ್ತ ಕಟ್ಟಿಕೊಂಡ. ಜಗಿಯಾ ಬಾದಶಹನ ಬಳಿ ದೂರು ಒಯ್ದು ತಂದೆಯ ಸೀಮೆ ತನಗೆ ಸೇರಬೇಕೆಂದು ಸನದು ಮಾಡಿಸಿಕೊಂಡ. ಮೊಗಲ್ ದಂಡಿನ ಬೆಂಬಲದೊಂದಿಗೆ ಬಂದ ಅವನನ್ನು ಪಿಡ್ಡನಾಯಕ ಹೊಡೆದು ಓಡಿಸಿದ. ದಿಲ್ಲಿಯ ಮೊಹರು ಬಿದ್ದ ಕಾಗದಕ್ಕೆ ವಾಗಣಗೇರಾದ ಅಗಸೆ ಬಾಗಿಲಲ್ಲಿ ಬೆಲೆ ಸಿಗಲಿಲ್ಲ.

1705ರ ಫೆಬ್ರವರಿಯಲ್ಲಿ ಔರಂಗಜೇಬನೇ ಖುದ್ದಾಗಿ ವಾಗಣಗೇರಾಕ್ಕೆ ಬಂದ. ಆಗ ಅವನಿಗೆ ಎಂಬತ್ತಾರು ದಾಟಿತ್ತು. ಅವನು ತಾನೇ ನಿಂತು ನಡೆಸಿದ ಕೊನೆಯ ಮುತ್ತಿಗೆ ಇದು. ಬೇಡರ ಗುಂಡಿನ ಮಳೆಗೆ ಮೊಗಲರು ಗುಡ್ಡ ಹತ್ತಲಾರದೆ ನಿಂತಾಗ ಕೋಟೆಯೊಳಗಿಂದ ಸಂಧಾನದ ಮಾತು ಬಂತು. ಪಿಡ್ಡನಾಯಕನಿಗೆ ಬುದ್ಧಿಭ್ರಮಣೆಯಾಗಿದೆ, ಕೋಟೆ ಬಿಟ್ಟು ಹೋಗಿದ್ದಾನೆ, ಅವನ ತಮ್ಮ ಸೋಮಶಂಕರನಿಗೆ ನಾಯಕತನ ಕೊಟ್ಟರೆ ಕೋಟೆ ಒಪ್ಪಿಸುತ್ತೇವೆ ಎಂದು ಅವನ ತಾಯಿ ಹೇಳಿಕಳಿಸಿದಳು. ಬಾದಶಹ ನಂಬಿದ. ಸೋಮಶಂಕರನಿಗೆ ಮರ್ಯಾದೆ ಮಾಡಿದ. ಕೋಟೆ ವಹಿಸಿಕೊಳ್ಳಲು ಮುಹ್ತಶಮ್ ಖಾನನೆಂಬ ಸರದಾರನನ್ನು ಒಳಗೆ ಕಳಿಸಿದ. ಒಳಹೊಕ್ಕ ಸರದಾರ ಸೆರೆಯಾದ! ಬುದ್ಧಿಭ್ರಮಣೆ, ಹೊಸ ನಾಯಕ, ತಾಯಿಯ ಮೊರೆ, ಎಲ್ಲವೂ ಮರಾಠರ ಧನಾಜಿ ಜಾಧವನ ಕುದುರೆ ದಂಡು ಬರುವವರೆಗೆ ಹೊತ್ತು ಕಳೆಯಲು ಹೂಡಿದ ಉಪಾಯ. ಕೊನೆಗೆ ಜುಲ್ಫಿಕಾರ್ ಖಾನನ ತೋಪುಗಳು ಬಂದ ಮೇಲೆ, ಏಪ್ರಿಲ್ 27ರ ರಾತ್ರಿ, ಬೇಡರು ಕೋಟೆಗೆ ಬೆಂಕಿಯಿಟ್ಟು ಕತ್ತಲಲ್ಲಿ ಜಾರಿಕೊಂಡರು. ಗೆದ್ದವರಿಗೆ ಸಿಕ್ಕಿದ್ದು ಬರಿಗೋಡೆ. ಔರಂಗಜೇಬ 1707ರಲ್ಲಿ ಅಹಮದನಗರದಲ್ಲಿ ಸತ್ತ. ಪಿಡ್ಡನಾಯಕನ ವಂಶ ವಾಗಣಗೇರಾದಿಂದ ಪೂರ್ವಕ್ಕೆ ಕೆಲವೇ ಮೈಲಿ ದೂರದ ಸುರಪುರದ ಗುಡ್ಡದಲ್ಲಿ ಆಳ್ವಿಕೆ ಮುಂದುವರಿಸಿತು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಹಿಂದುಸ್ತಾನದ ಅತಿ ದೊಡ್ಡ ಬಾದಶಹ ಒಬ್ಬನನ್ನು ವಾರಸುದಾರ ಎಂದ. ಈ ನೆಲದ ಜನ ಇನ್ನೊಬ್ಬನನ್ನು ನಾಯಕ ಎಂದರು. ಗೆದ್ದದ್ದು ಜನರ ಮಾತು.

ಸಾಲ ಕಾಲಿಟ್ಟ ಬಾಗಿಲು

ಮುಂದಿನ ನೂರು ವರ್ಷಗಳಲ್ಲಿ ಈ ಸ್ಥಿತಿ ತಿರುಗುಮುರುಗಾಯಿತು. ಸುರಪುರ ಒಂದು ಕಡೆ ಪೇಶ್ವೆಗೆ, ಇನ್ನೊಂದು ಕಡೆ ನಿಜಾಮನಿಗೆ ಕಪ್ಪ ಕೊಡಬೇಕಾದ ಇಕ್ಕಟ್ಟಿಗೆ ಬಿತ್ತು. 1818ರಲ್ಲಿ ಪೇಶ್ವಾಯಿ ಮುಗಿದ ಮೇಲೆ ಆ ಜಾಗಕ್ಕೆ ಈಸ್ಟ್ ಇಂಡಿಯಾ ಕಂಪನಿ ಬಂತು. 1828ರಲ್ಲಿ ಕೃಷ್ಣಪ್ಪ ನಾಯಕ ಗಾದಿಗೆ ಬಂದಾಗ ಹೈದರಾಬಾದಿನ ದರ್ಬಾರು ಅವನನ್ನು ಒಪ್ಪಿಕೊಳ್ಳಲು ಲಕ್ಷಗಟ್ಟಲೆ ರೂಪಾಯಿ ನಜರಾಣೆ ಕೇಳಿತು. ಆಗ ಅಲ್ಲಿ ಕಾರಭಾರ ನಡೆಸುತ್ತಿದ್ದವನು ಮುಂದೆ ದಿವಾನನಾದ ಚಂದೂಲಾಲ್.

ನಜರಾಣೆ ಹೊಸ ಪದ್ಧತಿಯಲ್ಲ. ಗಾದಿಗೆ ಬಂದವನು ಮೇಲಿನವರಿಗೆ ಕಾಣಿಕೆ ಒಪ್ಪಿಸುವುದು ರೂಢಿಯೇ. ಆದರೆ ಸೀಮೆಯ ಹುಟ್ಟುವಳಿಗೆ ಮೀರಿದ ಮೊತ್ತ ಕೇಳಿದಾಗ ಕಾಣಿಕೆ ಸಾಲವಾಗುತ್ತದೆ. ಕಂತು ತಪ್ಪಿತು, ಬಡ್ಡಿ ಬೆಳೆಯಿತು, ಸಾಹುಕಾರರು ಗಂಟುಬಿದ್ದರು. ತನ್ನ ಮಗ ತನ್ನ ಗಾದಿಯಲ್ಲಿ ಕೂಡಲು ಬೇರೆಯವರಿಗೆ ಹಣ ಕೊಡಬೇಕೆಂದು ಒಮ್ಮೆ ಒಪ್ಪಿಕೊಂಡ ಮೇಲೆ, ಹಣ ಹುಟ್ಟದ ದಿನ ಗಾದಿಯೂ ಅವರದೇ. ವಾಗಣಗೇರಾದ ಅಗಸೆಯನ್ನು ಒಡೆಯಲು ಮೊಗಲ್ ತೋಪುಗಳಿಗೆ ಎರಡು ತಿಂಗಳಿಗೂ ಹೆಚ್ಚು ಹಿಡಿದಿತ್ತು. ಸುರಪುರದ ಒಳಕ್ಕೆ ಬರಲು ಸಾಲದ ಕಾಗದಕ್ಕೆ ಯಾವ ದಂಡೂ ಬೇಕಾಗಲಿಲ್ಲ. ಬಾಕಿ ವಸೂಲಿಯ ಮೇಲ್ವಿಚಾರಣೆಯ ಹೆಸರಿನಲ್ಲಿ ಕಂಪನಿಯ ಅಧಿಕಾರಿ ಕ್ಯಾಪ್ಟನ್ ಗ್ರೆಸ್ಲಿ ಬಂದು ಕೂತ.

ತಾಯಿ ಮತ್ತು ಚಿಕ್ಕಪ್ಪ

ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ಏಳೆಂಟು ವರ್ಷದ ಹುಡುಗ. ಗಾದಿ ಅವನದೆಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಜಗಳ ಹುಡುಗ ದೊಡ್ಡವನಾಗುವ ತನಕ ಕಾರಭಾರ ಯಾರು ನೋಡಬೇಕೆಂಬುದರ ಮೇಲೆ ಹತ್ತಿತು. ಒಂದು ಕಡೆ ತಾಯಿ ರಾಣಿ ಈಶ್ವರಮ್ಮ. ಇನ್ನೊಂದು ಕಡೆ ತೀರಿಕೊಂಡ ರಾಜನ ತಮ್ಮ, ಇನ್ನೊಬ್ಬ ಪಿಡ್ಡನಾಯಕ. ಕಂಪನಿ ಚಿಕ್ಕಪ್ಪನ ಪಕ್ಷ ಹಿಡಿಯಿತು. ರಾಣಿ ಹುಡುಗನನ್ನು ಅರಮನೆಯಲ್ಲೇ ಇಟ್ಟುಕೊಂಡಳು. ಅವಳ ಬೆನ್ನಿಗೆ ಬಂದೂಕಿನ ಬೇಡರಿದ್ದರು, ಅವಳ ನಂಬಿಕೆಯ ಚೆನ್ನಬಸಪ್ಪನಿದ್ದ.

ಈ ಗಂಟು ಬಿಡಿಸಲು ಹೈದರಾಬಾದಿನ ರೆಸಿಡೆಂಟ್ ಜನರಲ್ ಫ್ರೇಸರ್ 1841ರ ಕೊನೆಗೆ ಕ್ಯಾಪ್ಟನ್ ಮೆಡೋಸ್ ಟೇಲರನನ್ನು ಕಳಿಸಿದ. ಟೇಲರ್ ಆಗಲೇ ಹೆಸರು ಮಾಡಿದ ಬರಹಗಾರ. ಠಕ್ಕರ ಬದುಕಿನ ಮೇಲೆ ಅವನು ಬರೆದ ಕಾದಂಬರಿ 1839ರಲ್ಲಿ ಅಚ್ಚಾಗಿತ್ತು. ಅವನು ಮೊದಲು ಊರಿನ ಬಾಗಿಲುಗಳ ಕಾವಲು ತನ್ನ ಕೈಗೆ ತೆಗೆದುಕೊಂಡ, ಚೆನ್ನಬಸಪ್ಪನನ್ನು ಸೆರೆಹಿಡಿದ, ಆಮೇಲೆ ರಾಣಿಯೊಂದಿಗೆ ಮಾತಿಗೆ ಕೂತ. ರಾಣಿ ಹಟ ಬಿಟ್ಟಳು. ಚಿಕ್ಕಪ್ಪನ ಕಾರಭಾರವೂ ಬಹಳ ಕಾಲ ನಡೆಯಲಿಲ್ಲ. ತಾಯಿ ಮತ್ತು ಚಿಕ್ಕಪ್ಪನ ನಡುವೆ ಹುಟ್ಟಿದ ಜಗಳದಲ್ಲಿ ಕೊನೆಗೆ ಸಂಸ್ಥಾನದ ಚುಕ್ಕಾಣಿ ಸಿಕ್ಕಿದ್ದು ಇಬ್ಬರಿಗೂ ಅಲ್ಲ, ಲಿವರ್‌ಪೂಲಿನಲ್ಲಿ ಹುಟ್ಟಿದ ಟೇಲರನಿಗೆ.

ಅದೇ ಹೊತ್ತಿಗೆ ಮಿಸಿಸಿಪಿಯ ದಂಡೆಯಲ್ಲಿ

ವಾರಸುದಾರಿಕೆಯ ಇಂಥದೇ ಕಗ್ಗಂಟು ಅದೇ ದಶಕದಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಹುಟ್ಟಿತು. 1830ರ ಏಪ್ರಿಲ್ 6ರಂದು ಜೋಸೆಫ್ ಸ್ಮಿತ್ ಕಟ್ಟಿದ ಮಾರ್ಮನ್ ಪಂಥ ನಾವೂ ಎಂಬ ಊರಲ್ಲಿ ಬೇರೂರಿತ್ತು. 1844ರ ಜೂನ್ 27ರಂದು ಕಾರ್ತೇಜ್ ಸೆರೆಮನೆಗೆ ನುಗ್ಗಿದ ಗುಂಪು ಅವನನ್ನೂ ಅವನ ಅಣ್ಣ ಹೈರಮ್‌ನನ್ನೂ ಗುಂಡಿಕ್ಕಿ ಕೊಂದಿತು. ನಂತರದ ಗುರು ಆಗಬಹುದಾಗಿದ್ದ ಅಣ್ಣನೂ ಸ್ಥಾಪಕನ ಜೊತೆಗೇ ಹೋದ. ಉಳಿದ ಹಕ್ಕುದಾರರು ಹಲವರು. ಸ್ಮಿತ್‌ನ ಸಲಹೆಗಾರನಾಗಿದ್ದ ಸಿಡ್ನಿ ರಿಗ್ಡನ್ ತಾನೇ ಪಂಥದ ಪಾಲಕ ಎಂದ. ಹನ್ನೆರಡು ಮಂದಿ ಹಿರಿಯರ ಮಂಡಳಿಯ ಮುಂದಾಳು ಬ್ರಿಗಮ್ ಯಂಗ್ ಅಧಿಕಾರ ಮಂಡಳಿಯದು ಎಂದ. ಜೇಮ್ಸ್ ಸ್ಟ್ರಾಂಗ್ ಎಂಬವನು ತನ್ನನ್ನೇ ನೇಮಿಸಿದ್ದಾರೆಂದು ಕಾಗದ ತೋರಿಸಿದ. ಸ್ಥಾಪಕನ ಮಗ ಮೂರನೇ ಜೋಸೆಫ್ ಸ್ಮಿತ್ ಆಗ ಹನ್ನೊಂದು ವರ್ಷದ ಹುಡುಗ. ತಾಯಿ ಎಮ್ಮಾ ಅವನನ್ನು ತನ್ನ ಬಳಿಯೇ ಇಟ್ಟುಕೊಂಡಳು.

ಈಶ್ವರಮ್ಮನ ಹುಡುಗನ ಕಥೆಗೂ ಎಮ್ಮಾಳ ಹುಡುಗನ ಕಥೆಗೂ ಇಲ್ಲಿಯವರೆಗೆ ಹೋಲಿಕೆ ಬಹಳ. ಮುಂದೆ ದಾರಿ ಬೇರೆಯಾಗುತ್ತದೆ. ಆಗಸ್ಟ್ 8ರಂದು ನಾವೂದಲ್ಲಿ ಸಾವಿರಾರು ಜನ ಬಯಲಲ್ಲಿ ಸೇರಿದರು. ರಿಗ್ಡನ್ ಮಾತಾಡಿದ, ಯಂಗ್ ಮಾತಾಡಿದ, ಸೇರಿದ ಜನ ಕೈಯೆತ್ತಿ ಹನ್ನೆರಡು ಮಂದಿಯ ಮಂಡಳಿಯನ್ನು ಒಪ್ಪಿದರು. ಒಪ್ಪದವರು ಬೇರೆ ಬೇರೆ ಗುಂಪು ಕಟ್ಟಿಕೊಂಡರು. ಯಂಗ್‌ನ ಹಿಂದೆ ಹೊರಟವರು 1847ರಲ್ಲಿ ಇಂದಿನ ಯೂಟಾದ ಸಾಲ್ಟ್ ಲೇಕ್ ಕಣಿವೆ ಸೇರಿದರು. ಆ ವರ್ಷದ ಡಿಸೆಂಬರಿನಲ್ಲಿ ಅವನು ವಿಧಿವತ್ತಾಗಿ ಅಧ್ಯಕ್ಷನಾದ. ಎಮ್ಮಾ ನಾವೂದಲ್ಲೇ ಉಳಿದಳು. ಅವಳ ಮಗ ಬೆಳೆದು ದೊಡ್ಡವನಾಗಿ 1860ರ ಏಪ್ರಿಲ್ 6ರಂದು ಇನ್ನೊಂದು ಶಾಖೆಯ ಮುಂದಾಳಾದ. ಪಂಥ ಒಡೆಯಿತು, ಮನಸ್ಸುಗಳೂ ಒಡೆದವು. ಆದರೆ ಮುಂದಿನವರು ಯಾರೆಂದು ತೀರ್ಮಾನಿಸಿದ್ದು ಪ್ರತಿ ಗುಂಪಿನಲ್ಲೂ ಆ ಗುಂಪಿನ ಜನರೇ. ಮಂಡಳಿಯ ಹಿರಿಯ ಸದಸ್ಯನೇ ಮುಂದಿನ ಅಧ್ಯಕ್ಷ ಎಂಬ ಪದ್ಧತಿ ಯೂಟಾದ ಪಂಥದಲ್ಲಿ ಕಾಲಕ್ರಮದಲ್ಲಿ ಗಟ್ಟಿಯಾಯಿತು. ಇಂದಿಗೂ ಅದೇ ನಡೆದಿದೆ.

ಸುರಪುರದ ಜನರನ್ನು ಯಾರೂ ಬಯಲಿಗೆ ಕರೆದು ಕೇಳಲಿಲ್ಲ. ತೀರ್ಮಾನ ಹೈದರಾಬಾದಿನ ರೆಸಿಡೆನ್ಸಿಯಲ್ಲಾಯಿತು.

ಟೇಲರನ ಹನ್ನೆರಡು ವರ್ಷ

ಟೇಲರ್ ಒಳ್ಳೆಯ ಆಡಳಿತಗಾರನಾಗಿದ್ದ. ಇದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ರೈತರಿಗೆ ಕಂದಾಯ ನಿಗದಿ ಮಾಡಿದ, ಲೆಕ್ಕಪತ್ರ ಸರಿಪಡಿಸಿದ, ರಸ್ತೆ ಮಾಡಿಸಿದ, ಸಾಲ ಇಳಿಸಿದ. ಬೋನ್ಹಾಳದ ಹಳೆಯ ಕೆರೆಯನ್ನು ದೊಡ್ಡದು ಮಾಡಿಸಿದ; ಇಂದು ಅದು ಪಕ್ಷಿಧಾಮ. ರಾಜನಕೋಳೂರಿನ ಕಲ್ಲುಮನೆಗಳನ್ನೂ ವಿಭೂತಿಹಳ್ಳಿಯ ಸಾಲುಗಲ್ಲುಗಳನ್ನೂ ಅಳೆದು, ಚಿತ್ರ ಬರೆದು, ವಿದ್ವಾಂಸರ ಲೋಕಕ್ಕೆ ತಿಳಿಸಿದವನೂ ಅವನೇ. ಸುರಪುರದ ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್ ಎಂಬ ಹೆಸರಿನಲ್ಲಿ ಇಂದಿಗೂ ನಿಂತಿದೆ. ಹುಡುಗ ವೆಂಕಟಪ್ಪ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದ.

ಆ ಕಾಲದ ಒಂದು ಸಂಗತಿಯನ್ನು ಟೇಲರ್ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ರಾಣಿ ಈಶ್ವರಮ್ಮ ಕಾಯಿಲೆ ಬಿದ್ದು, ತಾನು ಉಳಿಯುವುದಿಲ್ಲವೆಂದು ಅವನನ್ನು ಅರಮನೆಗೆ ಕರೆಸಿದಳು. ಹಾಸಿಗೆಯ ಬಳಿ ಮನೆತನದ ಪುರೋಹಿತ ಕುಳಿತಿದ್ದ. ಮಗನ ಜಾತಕ ತರಿಸಿ ಬಿಚ್ಚಿಸಿದಳು. ಇಪ್ಪತ್ತನಾಲ್ಕನೆಯ ವರ್ಷ ದಾಟುವ ಮೊದಲೇ ಹುಡುಗ ಸಾಯುತ್ತಾನೆಂದು ಅದರಲ್ಲಿ ಬರೆದಿತ್ತು. ಹುಟ್ಟಿದ ದಿನದಿಂದ ಈ ಮಾತನ್ನು ತಾಯಿ ಎದೆಯಲ್ಲಿಟ್ಟುಕೊಂಡು ಬದುಕಿದ್ದಳು. ಮಗನಿಗೆ ಇದು ತಿಳಿಯಬಾರದೆಂದು ಮಾತು ತೆಗೆದುಕೊಂಡಳು. ಟೇಲರ್ ಮಾತು ಕೊಟ್ಟ, ಉಳಿಸಿಕೊಂಡ.

ಜಾತಕವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ನನ್ನ ಕಣ್ಣಿಗೆ ಬೀಳುವುದು ಆ ಕೋಣೆಯಲ್ಲಿ ಕೂತವರು. ರಾಜ್ಯದ ವಾರಸುದಾರನ ಆಯುಷ್ಯದ ಗುಟ್ಟನ್ನು ರಾಣಿ ಒಪ್ಪಿಸಿದ್ದು ಮೈದುನನಿಗಲ್ಲ, ನಾಯಕಮಕ್ಕಳ ಹಿರಿಯರಿಗಲ್ಲ, ತನ್ನಿಂದ ಕಾರಭಾರ ಕಿತ್ತುಕೊಂಡ ಸಾಹೇಬನಿಗೆ. ಅವಳಿಗೆ ನಂಬಲು ಇನ್ನೊಬ್ಬರು ಉಳಿದಿರಲಿಲ್ಲ. ಒಂದು ಮನೆತನದ ಒಳಗಿನ ಆಧಾರಗಳೆಲ್ಲ ಸಡಿಲವಾಗಿದ್ದವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಐದು ವರ್ಷದ ರಾಜ್ಯ

1853ರಲ್ಲಿ ವೆಂಕಟಪ್ಪ ನಾಯಕ ಪ್ರಾಯಕ್ಕೆ ಬಂದ. ಟೇಲರ್ ಆಡಳಿತ ಒಪ್ಪಿಸಿ ನಳದುರ್ಗಕ್ಕೆ ವರ್ಗವಾಗಿ ಹೋದ. ಇಪ್ಪತ್ತರ ಆಸುಪಾಸಿನ ತರುಣನಿಗೆ ಕೈತುಂಬ ಖಜಾನೆ ಸಿಕ್ಕಿತ್ತು, ಆದರೆ ರಾಜ್ಯದ ಹಿರಿಯರೊಂದಿಗೆ ಕೂತು ತೀರ್ಮಾನ ಮಾಡಿದ ಅನುಭವ ಸಿಕ್ಕಿರಲಿಲ್ಲ. ಹನ್ನೆರಡು ವರ್ಷ ಎಲ್ಲವನ್ನೂ ಸಾಹೇಬ ನಡೆಸಿದ್ದ. ಒಳ್ಳೆಯ ಪಾಲಕ ಬಿಟ್ಟುಹೋದ ದೊಡ್ಡ ಕೊರತೆ ಇದೇ.

ದೇಶ ಅಷ್ಟರಲ್ಲಿ ಕುದಿಯುತ್ತಿತ್ತು. ವಾರಸುದಾರಿಕೆಯ ಗಾಯ ಕನ್ನಡ ನಾಡಿಗೆ ಹೊಸದಲ್ಲ: 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜನ ದತ್ತುಮಗನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪದಿದ್ದಾಗ ರಾಣಿ ಚೆನ್ನಮ್ಮ ಕತ್ತಿ ಹಿಡಿದಳು. ಮುಂದೆ ಗವರ್ನರ್ ಜನರಲ್ ಆದ ಡಾಲ್‌ಹೌಸಿ ಅದನ್ನೇ ಇಡೀ ದೇಶಕ್ಕೆ ನೀತಿಯನ್ನಾಗಿ ಮಾಡಿ ಸಾತಾರಾ, ಝಾನ್ಸಿ, ನಾಗಪುರಗಳನ್ನು ನುಂಗಿದ. 1857ರ ಬಂಡಾಯದ ಬೆನ್ನಿಗೆ ಆಯುಧ ಕಸಿಯುವ ಕಾನೂನು ಬಂತು. ನವೆಂಬರಿನಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ಹತ್ಯಾರ ಕೊಡುವುದಿಲ್ಲವೆಂದು ನಿಂತು ಪ್ರಾಣ ಕೊಟ್ಟರು. ಬಂದೂಕನ್ನೇ ಬದುಕು ಮಾಡಿಕೊಂಡಿದ್ದ ಸುರಪುರದ ಬೇಡರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕಂಪನಿ ಕ್ಯಾಪ್ಟನ್ ಕ್ಯಾಂಪ್‌ಬೆಲ್ ಎಂಬ ಅಧಿಕಾರಿಯನ್ನು ಸುರಪುರಕ್ಕೆ ಕಳಿಸಿತು. 1858ರ ಫೆಬ್ರವರಿ ಮೊದಲ ವಾರದಲ್ಲಿ ದಂಡು ಬಂತು. ರಾತ್ರಿ ಛಾವಣಿಯ ಮೇಲೆ ಬೇಡರು ಎರಗಿದರು. ಫೆಬ್ರವರಿ 8ರ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಎರಡು ದಿಕ್ಕಿನಿಂದ ಇನ್ನಷ್ಟು ಸೈನ್ಯ ಬರುತ್ತಿರುವ ಸುದ್ದಿ ತಿಳಿದು ರಾಜ ಊರು ಬಿಟ್ಟ. ಸುರಪುರ ಇಂಗ್ಲಿಷರ ವಶವಾಯಿತು. ಹೈದರಾಬಾದಿಗೆ ಹೋದ ವೆಂಕಟಪ್ಪ ನಾಯಕನನ್ನು ನಿಜಾಮನ ದಿವಾನ ಸಾಲಾರ್ ಜಂಗನ ಆಡಳಿತ ಹಿಡಿದು ಇಂಗ್ಲಿಷರಿಗೆ ಒಪ್ಪಿಸಿತು.

ಟೇಲರ್ ಸೆರೆಯಲ್ಲಿದ್ದ ಹುಡುಗನನ್ನು ನೋಡಲು ಹೋದ. ತಪ್ಪೊಪ್ಪಿಕೊಂಡು, ಜೊತೆಗಿದ್ದವರ ಹೆಸರು ಹೇಳಿದರೆ ಶಿಕ್ಷೆ ಇಳಿಯಬಹುದೆಂಬ ಮಾತು ಬಂದಾಗ, ತನ್ನ ವಿಷಯ ಹೇಳುತ್ತೇನೆ, ಬೇರೆಯವರ ಹೆಸರು ಹೇಳುವುದಿಲ್ಲ ಎಂದು ರಾಜ ಖಡಾಖಂಡಿತವಾಗಿ ಹೇಳಿದ. ಕಳ್ಳನ ಹಾಗೆ ಗಲ್ಲಿಗೆ ಹಾಕಬೇಡಿ, ಬೇಕಾದರೆ ತೋಪಿನ ಬಾಯಿಗೆ ಕಟ್ಟಿ ಹಾರಿಸಿ ಎಂದ. ಹದಿನೇಳು ವರ್ಷಗಳ ಹಿಂದೆ ಯಾರೂ ಅಭಿಪ್ರಾಯ ಕೇಳದೆ ಗಾದಿಗೆ ತಂದ ಹುಡುಗ ಆ ಕೋಣೆಯಲ್ಲಿ ತನ್ನ ಜನರ ನಾಯಕನಾಗಿ ಮಾತಾಡಿದ. ಅವನನ್ನು ಸುರಪುರ ಇಂದಿಗೂ ನೆನೆಯುವುದು ಅವನು ಆಳಿದ ಐದು ವರ್ಷಗಳಿಗಾಗಿ ಅಲ್ಲ, ಈ ಒಂದು ನಿಲುವಿಗಾಗಿ.

ವಿಚಾರಣೆಯಲ್ಲಿ ವಿಧಿಸಿದ್ದ ಮರಣದಂಡನೆ ಜೀವಾವಧಿ ಶಿಕ್ಷೆಗೆ ಇಳಿಯಿತು. ಗವರ್ನರ್ ಜನರಲ್ ಅದನ್ನು ನಾಲ್ಕು ವರ್ಷಕ್ಕೆ ಇಳಿಸಿ, ಮದ್ರಾಸಿನ ಹತ್ತಿರದ ಚೆಂಗಲಪಟ್ಟಿನಲ್ಲಿ ಇಡಲು ಆಜ್ಞೆ ಮಾಡಿದ. ಹೋಗುವ ದಾರಿಯಲ್ಲಿ ಬೆಂಗಾವಲು ಅಧಿಕಾರಿಯ ರಿವಾಲ್ವರಿನಿಂದ ಗುಂಡು ಹಾರಿ ವೆಂಕಟಪ್ಪ ನಾಯಕ ಸತ್ತ. ತಾನೇ ಹಾರಿಸಿಕೊಂಡನೋ ಅದು ಆಕಸ್ಮಿಕವೋ ಎಂಬ ಚರ್ಚೆ ನಿಂತಿಲ್ಲ. ಆಗ ಅವನಿಗೆ ಇಪ್ಪತ್ತನಾಲ್ಕನೆಯ ವರ್ಷ ನಡೆಯುತ್ತಿತ್ತು.

ಅದೇ 1858ರಲ್ಲಿ ಯೂಟಾದಲ್ಲೂ ಅಮೆರಿಕ ಸರ್ಕಾರದ ಸೈನ್ಯ ಬಂದು ನಿಂತಿತ್ತು. ಬ್ರಿಗಮ್ ಯಂಗ್ ತಾನು ವಹಿಸಿದ್ದ ಗವರ್ನರ್ ಹುದ್ದೆಯನ್ನು ಸರ್ಕಾರ ಕಳಿಸಿದ ಆಲ್ಫ್ರೆಡ್ ಕಮಿಂಗ್‌ಗೆ ಬಿಟ್ಟುಕೊಟ್ಟ. ಪಂಥದ ಮುಂದಾಳ್ತನ ಮಾತ್ರ ಅವನ ಬಳಿಯೇ ಉಳಿಯಿತು, ಯಾಕೆಂದರೆ ಅದು ಸರ್ಕಾರ ಕೊಟ್ಟದ್ದಾಗಿರಲಿಲ್ಲ. ಸುರಪುರದಲ್ಲಿ ಗಾದಿಯೂ ಕಾರಭಾರವೂ ಮಾನ್ಯತೆಯೂ ಒಂದೇ ಕಡೆಯಿಂದ ಬಂದಿದ್ದವು. ಇಂಗ್ಲಿಷರು ಕೈ ತೆಗೆದಾಗ ಮೂರೂ ಒಟ್ಟಿಗೆ ಹೋದವು. 1860ರ ಒಪ್ಪಂದದಲ್ಲಿ ಸಂಸ್ಥಾನವನ್ನು ನಿಜಾಮನಿಗೆ ಕೊಟ್ಟುಬಿಟ್ಟರು. ಆಗಲೂ ಕಕ್ಕೇರಾದವರನ್ನಾಗಲಿ ಕೊಡೇಕಲ್ಲಿನವರನ್ನಾಗಲಿ ಯಾರೂ ಕೇಳಲಿಲ್ಲ.

ಹಕ್ಕು ಮರಳಿದ ದಾರಿ

ಔರಂಗಜೇಬನ ಕಾಲದಲ್ಲಿ ಹೊರಗಿನ ಸನದನ್ನು ಧಿಕ್ಕರಿಸಿದ ಸೀಮೆ 1828ರಲ್ಲಿ ಹೊರಗಿನ ಮಾನ್ಯತೆಗೆ ಹಣ ತೆತ್ತಿತು. 1841ರಲ್ಲಿ ಹೊರಗಿನ ಪಾಲಕನನ್ನು ಪಡೆಯಿತು, 1860ರಲ್ಲಿ ಹೊರಗಿನವರ ಕೊಡುಗೆಯ ವಸ್ತುವಾಯಿತು. ಸುರಪುರಕ್ಕೆ ವೀರರ ಕೊರತೆ ಯಾವಾಗಲೂ ಇರಲಿಲ್ಲ. ಹುಡುಗ ದೊಡ್ಡವನಾಗುವವರೆಗೆ ನಾಡು ನೋಡಿಕೊಳ್ಳುವವರು ಯಾರು, ಇಬ್ಬರು ಹಕ್ಕುದಾರರು ಬಂದರೆ ತೀರ್ಪು ಹೇಳುವವರು ಯಾರು ಎಂಬುದಕ್ಕೆ ಎಲ್ಲರೂ ಒಪ್ಪುವ ಪದ್ಧತಿ ಇರಲಿಲ್ಲ. ಆ ತೆರವಿನಲ್ಲಿ ಸಾಹುಕಾರ ಬಂದ, ದಿವಾನ ಬಂದ, ಸಾಹೇಬ ಬಂದ.

ಈ ಪಾಠ ಅರಮನೆಗಳಿಗೆ ಮಾತ್ರ ಸೇರಿದ್ದಲ್ಲ. ಮಠದಲ್ಲಿ, ಸಂಘದಲ್ಲಿ, ಸಹಕಾರಿ ಬ್ಯಾಂಕಿನಲ್ಲಿ, ಕೂಡುಕುಟುಂಬದಲ್ಲಿ ಹಿರಿಯರು ಗಟ್ಟಿಯಾಗಿರುವಾಗಲೇ ಮುಂದಿನವರ ಮಾತು ಎಲ್ಲರೆದುರು ಇತ್ಯರ್ಥವಾಗಬೇಕು. ಹಿರಿಯರು ಕಣ್ಣುಮುಚ್ಚಿದ ಮೇಲೆ ಬಾಗಿಲು ತಟ್ಟಿಕೊಂಡು ಬರುವ ಪಂಚರು ಬಿಟ್ಟಿ ಬರುವುದಿಲ್ಲ.

ಸುರಪುರದ ಅರಸು ಮನೆತನದ, ಅದೇ ಹೆಸರಿನ ಶಾಸಕ ರಾಜಾ ವೆಂಕಟಪ್ಪ ನಾಯಕ ಅವರು 2024ರ ಫೆಬ್ರವರಿಯಲ್ಲಿ ನಿಧನರಾದರು. ತೆರವಾದ ಸ್ಥಾನಕ್ಕೆ ಅವರ ಮಗ ರಾಜಾ ವೇಣುಗೋಪಾಲ ನಾಯಕ ನಿಂತರು. ಎದುರಾಳಿಯಾಗಿ ಮಾಜಿ ಶಾಸಕ ನರಸಿಂಹ ನಾಯಕ ನಿಂತರು. ಈ ಬಾರಿ ಹಕ್ಕುದಾರರಿಬ್ಬರೂ ದೊಡ್ಡಿ ದೊಡ್ಡಿಗೆ ಬಂದು ಕೈಮುಗಿದು ಕೇಳಬೇಕಾಯಿತು. ಮೇ 7ರಂದು ಕಕ್ಕೇರಾದವರೂ ಸರತಿಯಲ್ಲಿ ನಿಂತು ಮತ ಹಾಕಿದರು. ಜೂನ್ 4ರಂದು ಎಣಿಕೆಯಾಗಿ ಮಗ ಗೆದ್ದರು. ಗೆದ್ದವರು ಯಾರೆಂಬುದಕ್ಕಿಂತ ದೊಡ್ಡ ಮಾತು, ತೀರ್ಮಾನ ಮಾಡಿದವರು ಈ ಸೀಮೆಯ ಜನ ಎಂಬುದು.